ಕಬ್ಬಿನ ಕಾಟಾ, ಕಡಕ್ ರೊಟ್ಟಿ, ಐಐಎಂ ಅರ್ಜಿ

ಕಲಬುರಗಿಯಿಂದ ಆಳಂದದ ಬಸ್ಸು ಹೊರಡುವಾಗ ಕಿಟಕಿ ಪಕ್ಕ ಕೂತುಕೊಳ್ಳಿ. ಊರು ದಾಟಿದ್ದೇ ಎರಡೂ ಬದಿಗೆ ಎರೆ ಹೊಲ. ಜನವರಿ ತಿಂಗಳು. ಕೆಲವು ಹೊಲಗಳಲ್ಲಿ ತೊಗರಿ ಇನ್ನೂ ನಿಂತಿದೆ, ಕೆಲವು ಕಡೆ ಕೊಯ್ದು ಬಣವಿ ಹಾಕಿದ್ದಾರೆ, ಇನ್ನು ಕೆಲವು ಕಡೆ ರಾಶಿ ಯಂತ್ರ ಓಡುತ್ತಿದ್ದು ಅದರ ಹೊಟ್ಟು ಬಸ್ಸಿನೊಳಗೂ ಹಾರಿ ಬರುತ್ತದೆ. ಕಂಡಕ್ಟರ್ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಟಿಕೆಟ್ ಕೊಡುತ್ತಾ ಹಿಂದಿನ ಸೀಟಿನತ್ತ ಬರುತ್ತಾನೆ. ಕಡಗಂಚಿ ಬಂತು ಅನ್ನುತ್ತಲೇ ಬೆನ್ನಿಗೆ ಬ್ಯಾಗು ಹಾಕಿದ ಹುಡುಗ ಹುಡುಗಿಯರು ದಡಬಡ ಇಳಿಯುತ್ತಾರೆ. ಅವರ ಬಾಯಲ್ಲಿ ಮಲಯಾಳ, ಹಿಂದಿ, ತೆಲುಗು. 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಇಲ್ಲೇ, ಆಳಂದ ತಾಲ್ಲೂಕಿನ ಈ ಹೊಲಗಳ ನಡುವೆ. ದೇಶದ ಬೇರೆ ಬೇರೆ ಮೂಲೆಯ ಮಕ್ಕಳು ಪ್ರವೇಶ ಪರೀಕ್ಷೆ ಬರೆದು ಇಲ್ಲಿಗೆ ಬರುತ್ತಾರೆ. ಇಲ್ಲಿಯ ಮಕ್ಕಳು ಹಾಗೆಯೇ ಪರೀಕ್ಷೆ ಬರೆದು ಅಹಮದಾಬಾದ್, ಬೆಂಗಳೂರು, ಹೈದರಾಬಾದಿನ ಬಿಸಿನೆಸ್ ಸ್ಕೂಲುಗಳಿಗೆ ಹೋಗಬಹುದೇ? ಹೋಗಬೇಕಾದರೆ ಅವರ ಕೈಯಲ್ಲಿ ಏನಿದೆ, ಏನಿಲ್ಲ? ಅದನ್ನು ಕಣ್ಣಾರೆ ನೋಡಲೆಂದು ನಾವು ಹೊರಟಿದ್ದೇವೆ.

ಆಳಂದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಸುಸಲಾ, ಮಿರ್ಚಿ ಬಂದಿವೆ. ಎದುರಿಗೆ ಕೂತ ಹುಡುಗನಿಗೆ ತಿನ್ನುವುದರ ಮೇಲೆ ಲಕ್ಷ್ಯವಿಲ್ಲ. ಮೇಜಿನ ಒಣ ಜಾಗ ನೋಡಿ ಪ್ಲಾಸ್ಟಿಕ್ ಫೈಲಿನಿಂದ ಒಂದೊಂದೇ ಅಂಕಪಟ್ಟಿ ತೆಗೆದಿಡುತ್ತಿದ್ದಾನೆ. ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮ, 88. ಪಿಯುಸಿ ಸೈನ್ಸ್, 61. ಬಿ.ಕಾಂ., 76. ಕೊನೆಗೆ ಐಐಎಂ ಪ್ರವೇಶಕ್ಕೆಂದು ನವೆಂಬರಿನಲ್ಲಿ ಬರೆದ ಕ್ಯಾಟ್ ಪರೀಕ್ಷೆಯ ಸ್ಕೋರ್ ಕಾರ್ಡು, 74 ಪರ್ಸೆಂಟೈಲ್.

"ಎಪ್ಪತ್ನಾಕು ಬಂದದರಿ ಸರ್. ಆದ್ರ ಒಂದೂ ಕಾಲ್ ಬಂದಿಲ್ರಿ."

ಪರ್ಸೆಂಟೈಲನ್ನು ಅವನು ಶೇಕಡಾ ಅಂಕ ಎಂದೇ ಎಣಿಸಿದ್ದಾನೆ. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಬರೆಯುವ ಪರೀಕ್ಷೆ ಇದು. 74 ಅಂದರೆ ನೂರಕ್ಕೆ 26 ಮಂದಿ ಇವನಿಗಿಂತ ಮುಂದಿದ್ದಾರೆ, ಲೆಕ್ಕ ಹಾಕಿದರೆ ಅರವತ್ತೈದು ಸಾವಿರದ ಮೇಲೆ. ಹೇಳಿದಾಗ ಹುಡುಗನ ಮುಖ ಸಣ್ಣದಾಗುತ್ತದೆ. ಆದರೆ ಇದನ್ನು ಮೊದಲ ದಿನವೇ ಹೇಳದವರು ಅವನಿಗೆ ಉಪಕಾರ ಮಾಡುವವರಲ್ಲ. ಕಾರ್ಡನ್ನು ಮತ್ತೆ ನೋಡೋಣ, ಈ ಸಲ ಭಾಗ ಭಾಗವಾಗಿ. ಗಣಿತದಲ್ಲಿ 91. ದತ್ತಾಂಶ ಮತ್ತು ತರ್ಕದಲ್ಲಿ 80. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವ ಭಾಗದಲ್ಲಿ 38.

ಹೀಗೆ ಬಿಡಿಸಿ ನೋಡಿದರೆ ಇದು ಬೇರೆಯದೇ ಕಥೆ. ಕ್ಯಾಟ್ ಎರಡು ತಾಸಿನ ಪರೀಕ್ಷೆ, ಮೂರು ಭಾಗಕ್ಕೂ ನಲವತ್ತು ನಲವತ್ತು ನಿಮಿಷ. 2024ರಲ್ಲೂ 2025ರಲ್ಲೂ ಇದ್ದದ್ದು 68 ಪ್ರಶ್ನೆ, ಅದರಲ್ಲಿ 24 ಇಂಗ್ಲಿಷಿನವು. ಸರಿ ಉತ್ತರಕ್ಕೆ ಮೂರು ಅಂಕ, ಆಯ್ಕೆ ಪ್ರಶ್ನೆಯಲ್ಲಿ ತಪ್ಪಾದರೆ ಒಂದು ಕಡಿತ. ಹುಡುಗ ಇಪ್ಪತ್ನಾಲ್ಕಕ್ಕೂ ಉತ್ತರ ಗುರುತಿಸಿ ಬಂದಿದ್ದಾನೆ. ಓದಿ ಅರ್ಥವಾದದ್ದು ಎಷ್ಟು ಎಂದು ಕೇಳಿದರೆ ಎರಡು ಪ್ಯಾಸೇಜ್ ಎನ್ನುತ್ತಾನೆ. ಊಹೆಯ ಉತ್ತರಗಳೇ ಅವನ ಅಂಕವನ್ನು ತಿಂದಿವೆ. ಇವನಿಗೆ ಬೇಕಾದದ್ದು ಕೋಚಿಂಗಿನ ಎರಡನೇ ಕಂತಲ್ಲ. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಬೇಕು, ಪತ್ರಿಕೆ ಮಡಚಿಟ್ಟು ಬರೆದವರ ವಾದ ಏನಿತ್ತು ಎಂದು ಕನ್ನಡದಲ್ಲೇ ನಾಲ್ಕು ಸಾಲು ಬರೆಯಬೇಕು. ಅರ್ಥವಾಗಿದೆಯೋ ಇಲ್ಲವೋ ತಾಯ್ನುಡಿಯಲ್ಲಿ ಬರೆದಾಗ ಮುಚ್ಚಿಡಲು ಆಗುವುದಿಲ್ಲ. ಆರು ತಿಂಗಳು ಬಿಡದೆ ಮಾಡಿದರೆ 38 ಅಲ್ಲೇ ನಿಲ್ಲುವುದಿಲ್ಲ.

"ಪಿಯುಸಿ ಕಮ್ಮಿ ಅದಲ್ರಿ?"

ಇದೆ, ಅದನ್ನು ಇನ್ನು ಬದಲಿಸಲಾಗದು. ಬೆಂಗಳೂರಿನ ಐಐಎಂ ಹತ್ತನೆಯ, ಹನ್ನೆರಡನೆಯ, ಪದವಿಯ ಅಂಕಗಳನ್ನು ಕ್ಯಾಟ್ ಜೊತೆ ಸೇರಿಸಿ ತೂಗುತ್ತದೆ. ಆದರೆ ಹತ್ತು ಮತ್ತು ಹನ್ನೆರಡರ ಅಂಕವನ್ನು ಹಾಗೇ ತೆಗೆದುಕೊಳ್ಳುವುದಿಲ್ಲ. ಆಯಾ ಬೋರ್ಡಿನಿಂದ ಬಂದ ಅರ್ಜಿದಾರರಲ್ಲಿ 90ನೇ ಪರ್ಸೆಂಟೈಲಿಗೆ ಎಷ್ಟು ಅಂಕ ಬೀಳುತ್ತದೋ ಅದರಿಂದ ಭಾಗಿಸಿ ಸರಿದೂಗಿಸುತ್ತದೆ. ಹಾಗಾಗಿ ರಾಜ್ಯ ಬೋರ್ಡಿನವನು ಎಂಬ ಕಾರಣಕ್ಕೇ ಸೋಲುತ್ತೇನೆ ಎಂಬ ಅಂಜಿಕೆಯನ್ನು ಹುಡುಗ ಈ ಹೋಟೆಲಿನಲ್ಲೇ ಬಿಟ್ಟು ಹೋಗಲಿ. 61ರ ಹೊರೆ ಮಾತ್ರ ಅವನ ಜೊತೆ ಇರುತ್ತದೆ. ಅದನ್ನು ಕ್ಯಾಟ್ ಅಂಕ ಮತ್ತು ಕೆಲಸದ ಅನುಭವ ಹಗುರ ಮಾಡಬೇಕು. ಅನುಭವಕ್ಕೆ ಬೆಂಗಳೂರಿನವರು 36 ತಿಂಗಳವರೆಗೆ ಅಂಕ ಕೊಡುತ್ತಾರೆ.

ಅನುಭವ ಇದೆಯೇ ಎಂದರೆ ಇಲ್ಲ ಎನ್ನುತ್ತಾನೆ. ಪದವಿ ಮುಗಿದ ಮೇಲೆ ಏನು ಮಾಡುತ್ತಿದ್ದೀ ಎಂದರೆ, ಕಾಕಾನ ಗೊಬ್ಬರದ ಅಂಗಡಿಯ ಟ್ಯಾಲಿ, ಜಿಎಸ್‌ಟಿ, ಸ್ಟಾಕು ಎಲ್ಲ ತಾನೇ ನೋಡುತ್ತೇನೆ ಎನ್ನುತ್ತಾನೆ. ಮನೆಯ ಅಂಗಡಿ ಅಂತ ಸಂಬಳವಿಲ್ಲ, ನೇಮಕದ ಕಾಗದವಿಲ್ಲ. ಮಾಡಿದ ಕೆಲಸ ನಿಜ, ಆದರೆ ಅದನ್ನು ತೋರಿಸುವ ಒಂದು ಹಾಳೆಯೂ ಇಲ್ಲ. ಕಾಕಾನಿಗೆ ಹೇಳಿ ಈ ತಿಂಗಳಿನಿಂದಲೇ ಬ್ಯಾಂಕ್ ಖಾತೆಗೆ ಸಂಬಳ, ಅಂಗಡಿಯ ಲೆಟರ್‌ಹೆಡ್ ಮೇಲೆ ನೇಮಕ ಪತ್ರ ಮಾಡಿಸಬೇಕು. ಮನೆಯ ವ್ಯಾಪಾರ ಎಂದು ನಾಚಿಕೊಳ್ಳುವುದೇನೂ ಇಲ್ಲ, ಕಾಗದ ಸರಿ ಇದ್ದರೆ ಆಯಿತು.

ಫೈಲಿನ ತಳದಿಂದ ಅವನು ಇನ್ನೊಂದು ಪ್ರಮಾಣಪತ್ರ ತೆಗೆಯುತ್ತಾನೆ, 371 ಜೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ಸಿಕ್ಕ ಮೀಸಲಾತಿಯ ಹಕ್ಕು. ರಾಜ್ಯದ ಪಿಜಿಸಿಇಟಿ ಮೂಲಕ ಎಂಬಿಎ ಸೇರುವಾಗ ಅದು ಕೈಹಿಡಿಯುತ್ತದೆ. ಐಐಎಂಗಳಲ್ಲಿ ನಡೆಯುವುದಿಲ್ಲ. ಅಲ್ಲಿ ಕೇಂದ್ರದ ಮೀಸಲಾತಿ ಮಾತ್ರ. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟು ಮಕ್ಕಳು ತಪ್ಪು ಕಾಗದ ಹಿಡಿದು ಕಾಯುತ್ತಿದ್ದಾರೋ.

ಅಫಜಲಪುರದ ದಾರಿಯಲ್ಲಿ ಚೌಡಾಪುರ ದಾಟಿದ ಮೇಲೆ ರಸ್ತೆ ನಮ್ಮದಾಗಿ ಉಳಿಯುವುದಿಲ್ಲ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಅವುಗಳ ಮೇಲೆ ಆಳೆತ್ತರ ಕಬ್ಬು, ಹಿಂದೆ ಸಾಲುಗಟ್ಟಿದ ಬಸ್ಸು ಕಾರುಗಳು. ಗಾಣಗಾಪುರದ ದತ್ತನ ದರ್ಶನಕ್ಕೆ ಹೊರಟ ಮಹಾರಾಷ್ಟ್ರದ ಗಾಡಿಗಳೂ ಇದರಲ್ಲೇ ಸಿಕ್ಕಿಕೊಂಡಿವೆ. ಈ ತಾಲ್ಲೂಕಿನ ಹವಳಗಾದಲ್ಲಿ ರೇಣುಕಾ ಶುಗರ್ಸ್ ಇದೆ, ಪಕ್ಕದ ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಎನ್‌ಎಸ್‌ಎಲ್ ಇದೆ, ಭೀಮಾ ನದಿಯ ನೀರಿದೆ. ಹಂಗಾಮು ನಡೆದಿರುವಾಗ ಈ ಸೀಮೆಯಲ್ಲಿ ರಾತ್ರಿ ಹಗಲಿನ ಭೇದವಿಲ್ಲ.

ನಮಗೆ ಬೇಕಾದವನು ಹೊಲದ ಬದುವಿನ ಮೇಲೆ ಬೈಕು ನಿಲ್ಲಿಸಿ ಫೋನಿನಲ್ಲಿ ಯಾರನ್ನೋ ಸಮಾಧಾನ ಮಾಡುತ್ತಿದ್ದಾನೆ. ಕೃಷಿ ಬಿ.ಎಸ್ಸಿ. ಮುಗಿಸಿ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಫೀಲ್ಡ್‌ಮನ್ ಆಗಿ ಮೂರು ವರ್ಷ ದಾಟಿದೆ. ಅವನ ಹಿಂದೆ ಬೀಡ ಜಿಲ್ಲೆಯಿಂದ ಬಂದ ಗ್ಯಾಂಗು ಕಬ್ಬು ಕಡಿಯುತ್ತಿದೆ. ಗಂಡ ಕಡಿಯುತ್ತಾನೆ, ಹೆಂಡತಿ ಸೂಲಂಗಿ ಸವರಿ ಕಟ್ಟು ಕಟ್ಟುತ್ತಾಳೆ, ಮಗು ರವದಿಯ ಮೇಲೆ ಮಲಗಿದೆ. ಫೋನು ಇಟ್ಟು ಅವನು ನಮ್ಮತ್ತ ಬರುತ್ತಾನೆ. ಬದುವಿನ ಮೇಲೆಯೇ ಕೂರೋಣ, ಸಂದರ್ಶನ ಇಲ್ಲೇ ಆಗಲಿ.

"ನಿನ್ನ ಕೆಲಸ ಏನಪ?"

"ಏನಿಲ್ರಿ ಸರ್. ಹೊಲಾ ನೋಡ್ತೀನಿ, ಕಟಾವ್ ಚೀಟಿ ಕೊಡ್ತೀನಿ, ಗ್ಯಾಂಗ್ ಕಳಸ್ತೀನಿ. ಅಷ್ಟೇ ರೀ."

ಅವನ ಅರ್ಜಿಯಲ್ಲೂ ಅಷ್ಟೇ ಇದೆ. ಕಬ್ಬು ವಿಭಾಗದಲ್ಲಿ ಫೀಲ್ಡ್ ಅಸಿಸ್ಟೆಂಟ್, ರೈತರೊಡನೆ ಸಂಪರ್ಕ, ಮೇಲ್ವಿಚಾರಣೆ. ಈ ಮೂರು ಸಾಲು ಓದಿ ಯಾವ ಪ್ರವೇಶ ಸಮಿತಿಯೂ ಕತ್ತೆತ್ತಿ ನೋಡುವುದಿಲ್ಲ. ಮತ್ತೆ ಕೇಳೋಣ. ಈಗ ಫೋನಿನಲ್ಲಿ ಯಾರಿದ್ದರು?

ಒಬ್ಬ ರೈತ. ಅವನ ಕಬ್ಬಿಗೆ ಕಡಿಯುವ ಪಾಳಿ ಬಂದಿತ್ತು, ಇವನು ನಾಲ್ಕು ದಿನ ಮುಂದೆ ಹಾಕಿದ್ದಾನೆ. ಯಾಕೆ? ಕಾರ್ಖಾನೆಯ ತೂಕದ ಕಾಟಾದ ಮುಂದೆ ಟ್ರ್ಯಾಕ್ಟರು ಹನ್ನೆರಡು ತಾಸು ನಿಲ್ಲುತ್ತಿವೆ. ಕಡಿದ ಕಬ್ಬು ನಿಂತಷ್ಟೂ ಒಣಗುತ್ತದೆ, ತೂಕ ಹೋದರೆ ರೈತನಿಗೆ ನಷ್ಟ, ಸಕ್ಕರೆ ಅಂಶ ಹೋದರೆ ಕಾರ್ಖಾನೆಗೆ ನಷ್ಟ. ಹಾಗಾಗಿ ದೂರದ ಹಳ್ಳಿಯ ಚೀಟಿ ಬೆಳಗ್ಗೆ, ಹತ್ತಿರದ್ದು ಮಧ್ಯಾಹ್ನ ಕೊಡುವ ಪದ್ಧತಿ ಇವನೇ ಶುರು ಮಾಡಿದ್ದಾನೆ. ಯಾರು ಹೇಳಿದರು ಎಂದರೆ ಯಾರೂ ಹೇಳಲಿಲ್ಲ, ಹೋದ ಹಂಗಾಮಿನಲ್ಲಿ ಸಾಲು ನೋಡಿ ನೋಡಿ ತಲೆ ಕೆಟ್ಟಿತ್ತು ಎನ್ನುತ್ತಾನೆ. ಅದರಿಂದ ಏನಾಯಿತು? ತನ್ನ ಹಳ್ಳಿಗಳ ಗಾಡಿ ಕಾಯುವುದು ಕಮ್ಮಿ ಆಯಿತು. ಎಷ್ಟು ಕಮ್ಮಿ?

ಇಲ್ಲಿ ಅವನು ಸುಮ್ಮನಾಗುತ್ತಾನೆ. ಆಮೇಲೆ ಬೈಕಿನ ಡಿಕ್ಕಿಯಿಂದ ಒಂದು ಉದ್ದನೆಯ ರಿಜಿಸ್ಟರು ತೆಗೆಯುತ್ತಾನೆ. ಚೀಟಿ ಕೊಟ್ಟ ವೇಳೆ, ಕಡಿದು ತುಂಬಿದ ವೇಳೆ, ಕಾಟಾ ಆದ ವೇಳೆ, ಟನ್ನು, ಎಲ್ಲವನ್ನೂ ಎರಡು ಹಂಗಾಮಿನಿಂದ ಬರೆದಿಟ್ಟಿದ್ದಾನೆ, ನೀಲಿ ಪೆನ್ನಿನಲ್ಲಿ, ಒಂದು ದಿನವೂ ಬಿಡದೆ. ಯಾರೂ ಕೇಳಿರಲಿಲ್ಲವಂತೆ. ರೈತರು ಜಗಳಕ್ಕೆ ಬಂದರೆ ತೋರಿಸಲು ಇರಲಿ ಎಂದು ಬರೆದದ್ದಂತೆ.

ಈ ರಿಜಿಸ್ಟರಿನ ಪುಟ ತಿರುವುವಾಗ ನನಗೆ ಅನ್ನಿಸುವುದನ್ನು ಹೇಳಿಯೇಬಿಡುತ್ತೇನೆ: ಬಿಸಿನೆಸ್ ಸ್ಕೂಲುಗಳು ಕಾರ್ಯಾಚರಣೆಯ ಪಾಠದಲ್ಲಿ ಸರದಿ, ಕಾಯುವಿಕೆ, ಹಾಳಾಗುವ ಮಾಲು ಎಂದು ವರ್ಷವಿಡೀ ಕಲಿಸುವುದನ್ನು ಈ ಹುಡುಗ ಅಫಜಲಪುರದ ಹೊಲದಲ್ಲಿ ಒಬ್ಬನೇ ಕಂಡುಕೊಂಡಿದ್ದಾನೆ. ಅವನಿಗೆ ಅದು ಕೆಲಸ ಅನ್ನಿಸಿಲ್ಲ, ಅಷ್ಟೇ. ಅವನ ಅವಕಾಶವನ್ನು ಅಳೆಯುವವರು ಅಂಕಪಟ್ಟಿಯನ್ನಷ್ಟೇ ನೋಡಿ ಎದ್ದರೆ ಅರ್ಧ ಮನುಷ್ಯನನ್ನೂ ನೋಡಿದಂತಾಗುವುದಿಲ್ಲ.

ಈಗ ಅವನು ಎರಡು ಹಂಗಾಮಿನ ಸರಾಸರಿಯನ್ನು ಪಕ್ಕ ಪಕ್ಕ ಇಟ್ಟು ಕಾಯುವ ವೇಳೆ ಎಷ್ಟು ತಾಸು ಇಳಿಯಿತು, ಅದು ಎಷ್ಟು ಟನ್ನಿಗೆ ಅನ್ವಯಿಸಿತು ಎಂದು ಲೆಕ್ಕ ತೆಗೆಯಬೇಕು. ಅರ್ಜಿಯ ಮೂರು ಸಾಲಿನ ಜಾಗಕ್ಕೆ ಆ ಲೆಕ್ಕ ಬರಬೇಕು. ಉಬ್ಬಿಸಿ ಬರೆಯಬಾರದು. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಉಬ್ಬಿಸಿದ್ದು ಒಡೆಯುತ್ತದೆ. ಇವನಿಗೆ ಅದರ ಅಗತ್ಯವೂ ಇಲ್ಲ, ರಿಜಿಸ್ಟರೇ ಸಾಕು.

ಎಲ್ಲಿಗೆ ಅರ್ಜಿ ಹಾಕಬೇಕು ಎಂಬುದು ಮುಂದಿನ ಮಾತು. ಐಐಎಂ ಎಂದರೆ ಬೆಂಗಳೂರು ಎಂದೇ ಅವನ ತಲೆಯಲ್ಲಿದೆ. 1973ರಲ್ಲಿ ಶುರುವಾದ ಆ ಸಂಸ್ಥೆ ರಾಜ್ಯದ ಏಕೈಕ ಐಐಎಂ, ನಿಜ. ಆದರೆ ಕಲಬುರಗಿಯಿಂದ ಹೈದರಾಬಾದು ಇನ್ನೂರು ಚಿಲ್ಲರೆ ಕಿಲೋಮೀಟರ್, ಬೆಂಗಳೂರು ಅದರ ಎರಡು ಪಟ್ಟಿಗಿಂತ ಹೆಚ್ಚು. ಹೈದರಾಬಾದಿನ ಗಚ್ಚಿಬೌಲಿಯಲ್ಲಿ 2001ರಿಂದ ನಡೆಯುತ್ತಿರುವ ಐಎಸ್‌ಬಿ ಎಂಬ ಬಿಸಿನೆಸ್ ಸ್ಕೂಲಿನ ಒಂದು ವರ್ಷದ ಕೋರ್ಸಿಗೆ ಎರಡು ವರ್ಷದ ಕೆಲಸ ಆಗಿರಬೇಕು, ಇವನಿಗೆ ಮೂರು ದಾಟಿದೆ. ಜಿಮ್ಯಾಟ್ ಇಲ್ಲವೇ ಜಿಆರ್‌ಇ ಬರೆಯಬೇಕು. ಈಗಿನ ಜಿಮ್ಯಾಟ್ ಎರಡೂಕಾಲು ತಾಸಿನದು, 205ರಿಂದ 805ರವರೆಗೆ ಅಂಕ, ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಐಎಸ್‌ಬಿಯ ಅರ್ಜಿಯಲ್ಲಿ ಪ್ರಬಂಧ ಬರೆಸುತ್ತಾರೆ, ಶಿಫಾರಸು ಪತ್ರ ಕೇಳುತ್ತಾರೆ.

"ಎಂಎಲ್‌ಎ ಸಾಹೇಬ್ರ ಕಡಿಂದ ತರ್ತೀನ್ರಿ. ನಮ್ಮ ಮಾಮಾಗ ಪರಿಚಯ ಅದ."

ಬೇಡ. ಬರೆಯುವವರು ಇವನು ಮಾಡಿದ ಕೆಲಸವನ್ನು ಕಂಡವರಾಗಿರಬೇಕು. ಕಬ್ಬು ವಿಭಾಗದ ಮೇಲಧಿಕಾರಿ ಈ ರಿಜಿಸ್ಟರಿನ ಬಗ್ಗೆ ಹತ್ತು ಸಾಲು ಬರೆದುಕೊಟ್ಟರೆ ಅದರ ತೂಕವೇ ಬೇರೆ.

ಇನ್ನೊಂದು ಬಾಗಿಲೂ ಇದೆ, ಇವನಿಗೆ ನಾನು ಹೆಚ್ಚು ಒತ್ತಿ ಹೇಳುವುದು ಅದನ್ನೇ. ಗುಜರಾತಿನ ಆಣಂದದಲ್ಲಿ 1979ರಲ್ಲಿ ವರ್ಗೀಸ್ ಕುರಿಯನ್ ಕಟ್ಟಿದ ಗ್ರಾಮೀಣ ನಿರ್ವಹಣಾ ಸಂಸ್ಥೆ ಇರ್ಮಾ. 2025ರಲ್ಲಿ ಅದು ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯದ ಭಾಗವಾಯಿತು. ರೈತ, ಸಹಕಾರ, ಹಳ್ಳಿಯ ಮಾರುಕಟ್ಟೆ, ಇವೇ ಅಲ್ಲಿಯ ಪಾಠ. ಕನ್ನಡದ ಕಥೆಗಾರ ಎಂ.ಎಸ್. ಶ್ರೀರಾಮ್ ಅಲ್ಲಿ ಓದಿದವರು, ಆಮೇಲೆ ಅಹಮದಾಬಾದ್ ಮತ್ತು ಬೆಂಗಳೂರಿನ ಐಐಎಂಗಳಲ್ಲಿ ಪಾಠ ಹೇಳಿದರು, ಗ್ರಾಮೀಣ ಹಣಕಾಸನ್ನೇ ತಮ್ಮ ವಿಷಯ ಮಾಡಿಕೊಂಡರು, ಜೊತೆಗೆ ಕನ್ನಡದಲ್ಲಿ ಕಥೆ ಬರೆಯುತ್ತಲೇ ಬಂದರು. ಹಳ್ಳಿಯ ಲೆಕ್ಕಾಚಾರ ಉನ್ನತ ವಿದ್ಯೆಗೆ ಹೊರಗಿನದು ಎಂದು ಈ ಹುಡುಗ ಯಾಕೆ ಅಂದುಕೊಳ್ಳಬೇಕು?

ಏಳುವ ಮುಂಚೆ ಕೊನೆಯ ಪ್ರಶ್ನೆ, ಸಂದರ್ಶಕರು ಖಂಡಿತ ಕೇಳಬಹುದಾದದ್ದು. ಕಬ್ಬಿನ ಬೆಲೆ ಯಾರು ಕಟ್ಟುತ್ತಾರೆ? ಅವನು ಎಫ್‌ಆರ್‌ಪಿ, ಅಂದರೆ ಕೇಂದ್ರ ಕಟ್ಟುವ ಕನಿಷ್ಠ ಬೆಲೆ, ಎನ್ನುತ್ತಾನೆ. 2025-26ಕ್ಕೆ ಎಷ್ಟು, ಎಷ್ಟು ಸಕ್ಕರೆ ಇಳುವರಿಗೆ? ಕ್ವಿಂಟಲಿಗೆ 355, ರಿಕವರಿ ಶೇಕಡಾ 10.25ಕ್ಕೆ, ಥಟ್ಟನೆ ಬರುತ್ತದೆ ಉತ್ತರ. ಎಷ್ಟು ದಿನದಲ್ಲಿ ಪಾವತಿ? ಹದಿನಾಲ್ಕು. ತಡವಾದರೆ? ಶೇಕಡಾ 15 ಬಡ್ಡಿ. ಹಾಗಾದರೆ 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಕೊಡಿ ಎಂದು ಯಾಕೆ ಕೂತಿದ್ದರು? ಈಗ ಅವನ ಮಾತಿಗೆ ಬಲ ಬರುತ್ತದೆ. ಕಡಿಯುವ, ಸಾಗಿಸುವ ಖರ್ಚು ಯಾರ ಲೆಕ್ಕಕ್ಕೆ ಹೋಗುತ್ತದೆ, ರಿಕವರಿ ಕಮ್ಮಿ ತೋರಿಸಿದರೆ ಏನಾಗುತ್ತದೆ, ಕಾರ್ಖಾನೆಯ ಕಷ್ಟವೇನು, ಎಲ್ಲವನ್ನೂ ಎರಡೂ ಕಡೆಯಿಂದ ಹೇಳುತ್ತಾನೆ. ಹೇಳಿದ್ದೆಲ್ಲ ಕನ್ನಡದಲ್ಲಿ. ಇದನ್ನೇ ಇಂಗ್ಲಿಷಿನಲ್ಲಿ ಹೇಳು ಎಂದರೆ ಕಾಲು ಭಾಗವಷ್ಟೇ ಬರುತ್ತದೆ. ಆ ಅಂತರ ತುಂಬಲು ಅವನಿಗೆ ಇಡೀ ಒಂದು ವರ್ಷ ಇದೆ.

ಜೇವರ್ಗಿಗೆ ಹೋಗುವ ಬಸ್ಸು ಕಟ್ಟಿ ಸಂಗಾವಿಯ ಬಳಿ ಭೀಮೆಯನ್ನು ದಾಟುತ್ತದೆ. ನದಿ ಈಗ ಸಣ್ಣಗೆ ಹರಿಯುತ್ತಿದೆ. 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ನೀರು ನುಗ್ಗಿ ಈ ದಂಡೆಯ ತೊಗರಿ, ಹತ್ತಿ ಮುಳುಗಿದ್ದವು. ಅದರ ಕೆಸರಿನ ಗುರುತು ಹೊಲಗಳಲ್ಲಿ ಇನ್ನೂ ಉಳಿದಿದೆ.

ನಾವು ಹುಡುಕಿಕೊಂಡು ಬಂದ ಹುಡುಗಿಯ ಮನೆಯೊಳಗೆ ಹೋಗುವ ಮುಂಚೆಯೇ ಬಡಿಯುವ ಸದ್ದು ಕೇಳುತ್ತದೆ. ಪಡಸಾಲೆಯಲ್ಲಿ ಸ್ವಸಹಾಯ ಸಂಘದ ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಾರೆ, ಒಲೆಯ ಪಕ್ಕ ಕಡಕ್ ಆಗಲು ಒರಗಿಸಿಟ್ಟ ರೊಟ್ಟಿಗಳು. ಜಿಲ್ಲಾಡಳಿತ ಇಂಥ ಸಂಘಗಳನ್ನೆಲ್ಲ ಸೇರಿಸಿ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಮಾರುಕಟ್ಟೆ ಕಟ್ಟಿದೆ. 2025ರ ಜೂನ್ ತಿಂಗಳ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯೂ ಇದನ್ನು ಹೆಸರಿಸಿದರು. ಈ ಮನೆಯ ತಾಯಿ ಸಂಘದ ಅಧ್ಯಕ್ಷೆ, ಮಗಳು ಲೆಕ್ಕ ಬರೆಯುವವಳು. ಬಿ.ಕಾಂ. ಮುಗಿಸಿದ್ದಾಳೆ. ಕ್ಯಾಟ್‌ನಲ್ಲಿ 96. ಹೊಸ ಐಐಎಂಗಳು ಕೆಲವು ಸೇರಿ ನಡೆಸುವ ಸಂದರ್ಶನಕ್ಕೆ ಕರೆ ಬಂದಿದೆ. ಮಾತು ಮುಗಿಸಿ ಬಿಸಿ ರೊಟ್ಟಿ ತಿನ್ನಬಹುದು, ಮೊದಲು ಕಾಗದ ನೋಡೋಣ.

ತಂದೆ ಪೆಟ್ಟಿಗೆಯಿಂದ ಹೊಲದ ಉತಾರ, ಜಾತಿ ಪ್ರಮಾಣಪತ್ರ ತಂದಿಡುತ್ತಾರೆ. ಪ್ರಮಾಣಪತ್ರದಲ್ಲಿ ಪ್ರವರ್ಗ 3ಬಿ. ಮಗಳು ಕ್ಯಾಟ್ ಅರ್ಜಿಯಲ್ಲಿ ಒಬಿಸಿ ಎಂದು ತುಂಬಲು ಹೊರಟಿದ್ದಳಂತೆ, ಕಾಲೇಜಿನ ಉಪನ್ಯಾಸಕರೊಬ್ಬರು ತಡೆದರಂತೆ. ತಡೆದದ್ದೇ ಪುಣ್ಯ. ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. 3ಬಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇಲ್ಲ, ಇವಳದೂ ಇಲ್ಲ. ಹಾಗಾದರೆ ಆರ್ಥಿಕವಾಗಿ ಹಿಂದುಳಿದವರ ಶೇಕಡಾ 10ರಲ್ಲಿ ಬರುತ್ತಾಳೆಯೇ? ಆದಾಯ ಎಂಟು ಲಕ್ಷದ ಎಷ್ಟೋ ಕೆಳಗೆ. ಆದರೆ ಉತಾರದಲ್ಲಿ ಏಳೆಕರೆ ಇದೆ. ನಿಯಮದ ಪ್ರಕಾರ ಐದು ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಭೂಮಿ ಇದ್ದ ಕುಟುಂಬಕ್ಕೆ ಆ ಮೀಸಲಾತಿ ಇಲ್ಲ. ಮಳೆ ನಂಬಿದ ಏಳೆಕರೆ ತೊಗರಿ ಹೊಲ, ಅದರಲ್ಲಿ ಎರಡೆಕರೆ ಸೆಪ್ಟೆಂಬರಿನ ನೀರಿಗೆ ಹೋಗಿದೆ. ಕಾಲುವೆಯ ಕೆಳಗಿನ ಐದು ಎಕರೆಯನ್ನೂ ಈ ಎರೆಯ ಐದು ಎಕರೆಯನ್ನೂ ಒಂದೇ ಅಳತೆಗೆ ಹಿಡಿಯುವ ಈ ನಿಯಮ ಅನ್ಯಾಯದ್ದು ಎಂದೇ ನಾನು ಹೇಳುತ್ತೇನೆ. ಆದರೆ ಇವತ್ತಿನ ಮಟ್ಟಿಗೆ ಹುಡುಗಿ ಸಾಮಾನ್ಯ ವರ್ಗದಲ್ಲೇ ನಿಲ್ಲಬೇಕು, ಅದನ್ನು ತಿಳಿದೇ ನಿಲ್ಲಬೇಕು. ಕೇಂದ್ರದ ಪಟ್ಟಿಯಲ್ಲಿ ಇರುವವರಿಗೂ ಒಂದು ಎಚ್ಚರಿಕೆ: ರಾಜ್ಯದ ನಮೂನೆಯ ಪ್ರಮಾಣಪತ್ರ ನಡೆಯುವುದಿಲ್ಲ, ಕೇಂದ್ರ ಸರ್ಕಾರದ ನಮೂನೆಯಲ್ಲೇ ತಹಶೀಲ್ದಾರರಿಂದ ಪಡೆಯಬೇಕು.

ಅವಳ ಪರವಾಗಿ ಇರುವುದೇನು? ಎಲ್ಲ ತರಗತಿಗಳಲ್ಲೂ ಒಳ್ಳೆಯ ಅಂಕ. ಎಂಜಿನಿಯರುಗಳೇ ತುಂಬಿದ ಸಾಲಿನಲ್ಲಿ ಕಾಮರ್ಸ್ ಓದಿದ ಹುಡುಗಿ. ತರಗತಿಯಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚಲಿ ಎಂದು ಬಹಳ ಸಂಸ್ಥೆಗಳು ಕೆಲವು ಅಂಕ ಸೇರಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಪಡಸಾಲೆಯಲ್ಲಿ ನಡೆದಿರುವ ಈ ಕೆಲಸ.

ಅಣಕು ಸಂದರ್ಶನ ಶುರು. ಇಂಗ್ಲಿಷಿನಲ್ಲಿ ನಿನ್ನ ಬಗ್ಗೆ ಹೇಳು ಎಂದರೆ ಬಾಯಿಪಾಠ ಮಾಡಿದ್ದು ಬರುತ್ತದೆ: ತಾನು ಶ್ರಮಜೀವಿ, ನಾಯಕತ್ವದ ಗುಣವಿದೆ, ಓದುವುದು ಹವ್ಯಾಸ. ನಾಲ್ಕನೇ ವಾಕ್ಯಕ್ಕೆ ನಿಲ್ಲುತ್ತಾಳೆ. ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದಾರೆ, ಇವಳಿಗೆ ಕಣ್ಣೀರು ಬರುವ ಹಾಗಿದೆ. ಬಿಡು ಅವ್ವಾ, ಆ ಹಾಳೆ ಒತ್ತಟ್ಟಿಗಿಡು. ರೊಟ್ಟಿಯಲ್ಲಿ ನಿಮಗೆ ನಷ್ಟ ಎಲ್ಲಿ ಆಗುತ್ತದೆ ಹೇಳು.

"ಒಡಿಯೋದ್ರಾಗ ರೀ."

ಮೆತ್ತನೆಯ ರೊಟ್ಟಿ ಅವತ್ತೇ ಖರ್ಚಾಗಬೇಕು, ಹಾಗಾಗಿ ದೂರಕ್ಕೆ ಕಡಕ್ ರೊಟ್ಟಿಯನ್ನೇ ಕಳಿಸುತ್ತಾರೆ. ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಆದರೆ ಬಸ್ಸಿನ ಪಾರ್ಸಲ್ಲಿನಲ್ಲಿ ಒಡೆಯುತ್ತದೆ. ಒಡೆದದ್ದನ್ನು ಅಂಗಡಿಯವರು ಹಿಂದಕ್ಕೆ ಕಳಿಸುತ್ತಾರೆ. ಇವಳು ಮೊದಲು ಡಬ್ಬಿ ಬದಲಿಸಿದಳು, ಅದು ದುಬಾರಿಯಾಯಿತು. ಆಮೇಲೆ ರೊಟ್ಟಿಯ ಅಗಲ ಒಂದು ಬೆರಳು ಕಮ್ಮಿ ಮಾಡಿಸಿದಳು. ತಾಯಂದಿರು ಒಪ್ಪಲಿಲ್ಲ, ಸಣ್ಣ ರೊಟ್ಟಿ ಮನೆತನಕ್ಕೆ ಶೋಭೆಯಲ್ಲ ಅಂದರು. ಎರಡು ವಾರ ಎರಡೂ ಅಳತೆಯದನ್ನು ಕಳಿಸಿ, ಹಿಂದಕ್ಕೆ ಬಂದದ್ದನ್ನು ಎಲ್ಲರೆದುರು ಎಣಿಸಿ ತೋರಿಸಿದಳು. ಆಗ ಒಪ್ಪಿದರು. ಇಷ್ಟನ್ನು ಹೇಳುವಾಗ ಅವಳು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗಿ ಬರುತ್ತಿದ್ದಾಳೆ, ವ್ಯಾಕರಣ ಅಲ್ಲಲ್ಲಿ ತಪ್ಪುತ್ತಿದೆ, ಆದರೆ ಒಮ್ಮೆಯೂ ನಿಲ್ಲಲಿಲ್ಲ. ಸಂದರ್ಶನದ ದಿನ ಹೇಳಬೇಕಾದದ್ದು ಇದನ್ನೇ. ತಪ್ಪು ಇಂಗ್ಲಿಷಿನಲ್ಲಿ ಹೇಳಿದ ನಿಜವಾದ ಮಾತನ್ನು ಕೇಳುವ ತಾಳ್ಮೆ ಒಳ್ಳೆಯ ಅಧ್ಯಾಪಕರಿಗೆ ಇರುತ್ತದೆ. ಇನ್ನುಳಿದ ದಿನಗಳಲ್ಲಿ ಅವಳು ದಿನಾ ಈ ಪಡಸಾಲೆಯಲ್ಲೇ, ಈ ಹೆಂಗಸರ ಎದುರಿಗೇ, ಒಂದು ತಾಸು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಮಾತಾಡಬೇಕು. ತೊಗರಿಯ ಬಗ್ಗೆಯೂ ತಯಾರಾಗಲಿ: 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿದ್ದು, 2025-26ರ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲಿಗೆ 8,000 ಇದ್ದದ್ದು, ಹಾಗಿದ್ದೂ ಗಂಜ್ ಮಾರುಕಟ್ಟೆಯಲ್ಲಿ ರೈತ ತೇವಾಂಶದ ಹೆಸರಲ್ಲಿ ಯಾಕೆ ಸೋಲುತ್ತಾನೆ ಎಂಬುದು.

ತಂದೆ ಇಷ್ಟು ಹೊತ್ತು ಸುಮ್ಮನಿದ್ದರು. ಈಗ ಉತಾರ ಮಡಚುತ್ತಾ ಕೇಳುತ್ತಾರೆ.

"ಹೊಲಾ ಮಾರಬೇಕಾಗ್ತದೇನ್ರಿ ಸರ?"

ಇಲ್ಲ. ಇದನ್ನು ಅವರಿಗೆ ನಿಧಾನವಾಗಿ, ಪೂರ್ತಿಯಾಗಿ ಹೇಳಬೇಕು. ಹಳೆಯ ದೊಡ್ಡ ಐಐಎಂಗಳ ಎರಡು ವರ್ಷದ ಶುಲ್ಕ ಇಪ್ಪತ್ತು ಲಕ್ಷ ದಾಟುತ್ತದೆ, ಅದು ಸುಳ್ಳಲ್ಲ. ಆದರೆ ಈ ಸಂಸ್ಥೆಗಳಿಗೆ ಬ್ಯಾಂಕುಗಳು ಆಸ್ತಿ ಅಡವಿಲ್ಲದೆ ಸಾಲ ಕೊಡುತ್ತವೆ, ಸ್ಟೇಟ್ ಬ್ಯಾಂಕಿನಲ್ಲಿ ಇದಕ್ಕೆಂದೇ ಸ್ಕಾಲರ್ ಲೋನ್ ಇದೆ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಮೇಲುಮಟ್ಟದ ಸಂಸ್ಥೆಗಳಿಗೆ ಜಾಮೀನುದಾರರೂ ಬೇಡ. ಕುಟುಂಬದ ಆದಾಯ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇಕಡಾ 3 ಬಡ್ಡಿ ಸಹಾಯ ಸಿಗಬಹುದು. ಪರಿಶಿಷ್ಟ ಜಾತಿಯ ಮಕ್ಕಳಿಗೆ ಐಐಎಂಗಳಲ್ಲಿ ಕೇಂದ್ರದ ಉನ್ನತ ದರ್ಜೆ ಶಿಕ್ಷಣ ವಿದ್ಯಾರ್ಥಿವೇತನ ಇದೆ. ದೆಹಲಿ ವಿಶ್ವವಿದ್ಯಾಲಯದ ಎಫ್‌ಎಂಎಸ್‌ನಲ್ಲಿ ಒಟ್ಟು ಶುಲ್ಕವೇ ಎರಡು ಲಕ್ಷ ಚಿಲ್ಲರೆ, ಅದಕ್ಕೂ ಇದೇ ಕ್ಯಾಟ್ ಪರೀಕ್ಷೆಯ ಅಂಕವೇ ಆಧಾರ. ಉತಾರ ಪೆಟ್ಟಿಗೆಯಲ್ಲೇ ಇರಲಿ. ಯಾರಾದರೂ ಏಜೆಂಟು ಬಂದು ಸೀಟು ಕೊಡಿಸುತ್ತೇನೆ, ಹೊಲದ ಮೇಲೆ ದುಡ್ಡು ಎತ್ತು ಎಂದರೆ ಅವನನ್ನು ಅಂಗಳದಿಂದಲೇ ಕಳಿಸಿ.

ಹುಡುಗಿಯ ಅವಕಾಶದ ಬಗ್ಗೆ ನನ್ನ ತೀರ್ಪು ಇಷ್ಟು: ಹೊಸ ಐಐಎಂ ಒಂದರಲ್ಲಿ ಸೀಟು ಈ ವರ್ಷವೇ ಅವಳ ಕೈಗೆ ಎಟಕುವಂಥದ್ದು. ಬೆಂಗಳೂರು, ಅಹಮದಾಬಾದಿಗೆ ಸಾಮಾನ್ಯ ವರ್ಗದಲ್ಲಿ 96 ಸಾಲದು, 99ರ ಆಸುಪಾಸು ಬೇಕು. ಒಂದು ವರ್ಷ ಕಾಯುವುದೋ ಈಗಲೇ ಸೇರುವುದೋ ಎಂಬುದನ್ನು ಸಂದರ್ಶನ ಮುಗಿದ ಮೇಲೆ ಅವಳೇ ನಿರ್ಧರಿಸಲಿ. ಅಫಜಲಪುರದವನು ಒಂದು ವರ್ಷ ತಯಾರಾಗಿ ಹಾಕಿದರೆ ಅವನ ಅರ್ಜಿ ಯಾವ ನಗರದವನದಕ್ಕೂ ಕಡಿಮೆಯಾಗದು. ಆಳಂದದವನಿಗೆ ಎರಡು ವರ್ಷ ಬೇಕು.

ಆಳಂದ, ಅಫಜಲಪುರ, ಜೇವರ್ಗಿಯ ಪದವಿ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ ಇದೆ. ಈ ಮೂವರಿಗೂ ತಿಳಿಯಬೇಕಾದದ್ದು ಪದವಿಯ ಮೊದಲ ವರ್ಷದಲ್ಲೇ ತಿಳಿದಿದ್ದರೆ ಅವರು ಇವತ್ತು ಇನ್ನೂ ಮುಂದೆ ಇರುತ್ತಿದ್ದರು. ನಿಮ್ಮ ಗ್ರಂಥಾಲಯಕ್ಕೆ ಒಂದು ಇಂಗ್ಲಿಷ್ ದಿನಪತ್ರಿಕೆ ತರಿಸಿ, ವಾರಕ್ಕೊಮ್ಮೆ ಅದರ ಸಂಪಾದಕೀಯದ ಮೇಲೆ ಮಕ್ಕಳಿಂದ ಮಾತಾಡಿಸಿ. ನಿರ್ವಹಣಾ ಶಾಸ್ತ್ರದ ಪಾಠಗಳನ್ನು ಐಐಎಂ ಬೆಂಗಳೂರು ಸ್ವಯಂ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ, ಅದನ್ನು ತೋರಿಸಿ. ಏಪ್ರಿಲ್ ಬಂದ ಕೂಡಲೇ ಕೇಂದ್ರದ ನಮೂನೆಯ ಪ್ರಮಾಣಪತ್ರ ಮಾಡಿಸಲು ಹೇಳಿ. ಕ್ಯಾಟ್ ನೋಂದಣಿ ಆಗಸ್ಟ್ ಮೊದಲಲ್ಲಿ ತೆರೆದು ಸೆಪ್ಟೆಂಬರಿನಲ್ಲಿ ಮುಚ್ಚುತ್ತದೆ. ಆ ಎರಡು ತಾರೀಖುಗಳನ್ನು ನೋಟಿಸ್ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ.